ಜೋಳದ ಋಣ: ವಿಜಯಪುರ ಸೀಮೆಯಲ್ಲಿ ನಿಷ್ಠೆಯ ಚರಿತ್ರೆ

ವಿಜಯಪುರ ನಗರದಿಂದ ಪಶ್ಚಿಮಕ್ಕೆ ತಿಕೋಟಾ, ನೈಋತ್ಯಕ್ಕೆ ಬಬಲೇಶ್ವರದವರೆಗೆ ಹಬ್ಬಿರುವ ಎರೆನೆಲವು ಹಿಂಗಾರಿ ಬಿಳಿಜೋಳದ ಸೀಮೆ. ಡೋಣಿ ಹೊಳೆಯ ಬಯಲಿನಲ್ಲಿ ಮಳೆ ಹದವಾಗಿ ಬಿದ್ದ ವರ್ಷ ಹಗೇವುಗಳು, ಅಂದರೆ ನೆಲದೊಳಗಿನ ಕಾಳಿನ ಕಣಜಗಳು, ತುಂಬುತ್ತಿದ್ದವು, ತಪ್ಪಿದ ವರ್ಷ ಜನ ಊರು ಬಿಡುತ್ತಿದ್ದರು. ಒಡೆಯನಿಗೆ ಆಳು ತೋರಬೇಕಾದ ನಿಷ್ಠೆಗೆ ಕನ್ನಡದ ಹಳೆಯ ಕಾವ್ಯಗಳೂ ಶಾಸನಗಳೂ ಈ ಕಾಳಿನ ಹೆಸರನ್ನೇ ಇಟ್ಟು ಅದನ್ನು 'ಜೋಳವಾಳಿ' ಅಥವಾ 'ಜೋಳದ ಪಾಳಿ' ಎಂದು ಕರೆದವು. ಪಾಳಿ ಎಂದರೆ ಇಲ್ಲಿ ತಪ್ಪದೆ ನಡೆಸಬೇಕಾದ ಕ್ರಮ. ಯಾರ ಮನೆಯ ಜೋಳವನ್ನು ಉಂಡು ಬೆಳೆದನೋ ಅವರ ಕಷ್ಟಕಾಲದಲ್ಲಿ ಪ್ರಾಣ ಕೊಟ್ಟಾದರೂ ಆ ಸಾಲ ತೀರಿಸುವುದು ಉಂಡವನ ಧರ್ಮವೆಂಬುದು ಇದರ ಅರ್ಥ. ನಿಷ್ಠೆ ಹುಟ್ಟುಗುಣವಲ್ಲ, ಊಟದಿಂದ ಹುಟ್ಟುವ ಋಣ ಎಂಬ ಈ ತಿಳಿವಳಿಕೆಯೇ ಮುಂದಿನ ಸಾವಿರ ವರ್ಷಗಳ ಕಥೆಗೆ ಬುನಾದಿ.

ಈ ಋಣದಲ್ಲಿ ಮೆಟ್ಟಿಲುಗಳಿದ್ದವು. ಉಂಡ ಅನ್ನಕ್ಕಾಗಿ ಹೋರಾಡುವುದು ಜೋಳವಾಳಿಯಾದರೆ, ಒಡೆಯ ಸತ್ತ ವೇಳೆಗೆ ತಾನೂ ಸಾಯುವೆನೆಂದು ಮೊದಲೇ ಭಾಷೆ ಕೊಟ್ಟಿರುವುದು 'ವೇಳೆವಾಳಿ'. ಹಾಗೆ ಭಾಷೆ ಕೊಟ್ಟವರನ್ನು ಲೆಂಕರು ಎಂದೂ ಹೊಯ್ಸಳರ ಕಾಲದಲ್ಲಿ ಗರುಡರು ಎಂದೂ ಕರೆಯುತ್ತಿದ್ದರು. ಗಂಗ ದೊರೆ ನೀತಿಮಾರ್ಗ ತೀರಿಕೊಂಡಾಗ ಅಗರಯ್ಯನೆಂಬ ಸೇವಕನು 'ಕಿೞ್ಗುಂಟೆ'ಯಾದನೆಂದು, ಅಂದರೆ ಒಡೆಯನ ಹೆಣದ ಕೆಳಗೆ ತಾನೂ ಹೂಳಿಸಿಕೊಂಡನೆಂದು, 9ನೆಯ ಶತಮಾನದ ದೊಡ್ಡಹುಂಡಿಯ ಕಲ್ಲು ಹೇಳುತ್ತದೆ. ಇಮ್ಮಡಿ ವೀರಬಲ್ಲಾಳನು 1220ರ ಸುಮಾರಿಗೆ ಸತ್ತಾಗ ಅವನ ದಂಡನಾಯಕ ಕುವರ ಲಕ್ಷ್ಮನು ಹೆಂಡತಿಯೊಂದಿಗೂ ತನ್ನ ಪಡೆಯ ವೀರರೊಂದಿಗೂ ಆತ್ಮಾರ್ಪಣೆ ಮಾಡಿಕೊಂಡುದಕ್ಕೆ ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿಯ ಕಂಬವೇ ಸಾಕ್ಷಿ.

ಪ್ರಾಣ ಕೊಟ್ಟವರ ಮನೆಗೆ ಭೂಮಿ ಸಲ್ಲುತ್ತಿತ್ತು. ಯುದ್ಧದಲ್ಲಿ ನೆತ್ತರು ಹರಿಸಿದ್ದಕ್ಕೆ ಕೊಡುವ ಹೊಲ 'ನೆತ್ತರುಗೊಡಗೆ', ಗೆದ್ದು ಬಂದವನ ಕತ್ತಿ ತೊಳೆದು ಕೊಡುವ ಊರು 'ಬಾಳ್ಗಚ್ಚು', ಉಂಡು ಬದುಕಲೆಂದು ಬಿಡುವ ನೆಲ 'ಉಂಬಳಿ'. 949ರ ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನಿಗೆ ಗಂಗ ಬೂತುಗನು ಆತಕೂರನ್ನು ಬಾಳ್ಗಚ್ಚಾಗಿ ಕೊಟ್ಟನು. ಬೇಕಾದುದನ್ನು ಕೇಳೆಂದ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನಿಂದ ಅದೇ ಮಣಲೇರನು ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿ ಹಂದಿಯೊಡನೆ ಸೆಣಸಿ ಸತ್ತಾಗ ಅದಕ್ಕೂ ಕಲ್ಲು ನಿಂತಿತು. ಮನುಷ್ಯನಿಗೂ ನಾಯಿಗೂ ಒಂದೇ ಬಗೆಯ ಸ್ಮಾರಕವೆಂಬುದು ಆ ಕಾಲದವರಿಗೆ ಅವಮಾನವೆನಿಸಿದಂತಿಲ್ಲ.

ಕಲ್ಲು ಹೇಳುವ ಈ ಮಾತನ್ನು ಕಾವ್ಯವೂ ಹೇಳಿತು, ಆದರೆ ಹೇಳಿದ ಕವಿಗಳ ಆಶ್ರಯದಾತರು ಯಾರೆಂಬುದನ್ನು ಗಮನಿಸಿದರೆ ಚಿತ್ರ ಬದಲಾಗುತ್ತದೆ. 941ರ ಸುಮಾರಿಗೆ 'ವಿಕ್ರಮಾರ್ಜುನ ವಿಜಯ' ಬರೆದ ಪಂಪನ ಕರ್ಣನು, ಪಾಂಡವರ ಅಣ್ಣನೆಂದು ತಿಳಿದ ಮೇಲೂ, ರಾಜ್ಯದ ಆಸೆ ತೋರಿಸಿದರೂ, ದುರ್ಯೋಧನನ ಋಣ ಬಿಡಲಾರದೆ ಸಾವನ್ನೇ ಆರಿಸಿಕೊಳ್ಳುತ್ತಾನೆ. ಅದೇ ಕಾವ್ಯದಲ್ಲಿ ಪಂಪನು ತನ್ನೊಡೆಯ, ರಾಷ್ಟ್ರಕೂಟರ ಸಾಮಂತನಾಗಿದ್ದ ವೇಮುಲವಾಡದ ಅರಿಕೇಸರಿಯನ್ನು, ತನ್ನ ಚಕ್ರವರ್ತಿ ಗೊಜ್ಜಿಗನನ್ನು ಸೋಲಿಸಿ ಬದ್ದೆಗನಿಗೆ ಪಟ್ಟ ಕೊಡಿಸಿದ ವೀರನೆಂದು ಹೊಗಳುತ್ತಾನೆ. ಆಗಿನ ಮುದುವೊಳಲು, ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ ಹುಟ್ಟಿದ ರನ್ನನು 'ಗದಾಯುದ್ಧ'ದಲ್ಲಿ ದುರ್ಯೋಧನನ ಸ್ನೇಹನಿಷ್ಠೆಯನ್ನು ಕಣ್ಣೀರು ಬರುವಂತೆ ಚಿತ್ರಿಸಿದನು. ಅವನಿಗೆ ಆಶ್ರಯ ಕೊಟ್ಟ ಸತ್ಯಾಶ್ರಯನ ತಂದೆ ಇಮ್ಮಡಿ ತೈಲಪನು ತನ್ನೊಡೆಯರನ್ನೇ ಕೆಡವಿ ರಾಜ್ಯ ಕಟ್ಟಿದವನು.

ಈ ತೈಲಪನ ಕಥೆ ವಿಜಯಪುರದ ನೆಲದ್ದೇ ಕಥೆ. ಬಸವನ ಬಾಗೇವಾಡಿ ಬಳಿಯ ನರಸಲಗಿಯಲ್ಲಿ ದೊರೆತಿರುವ 965ರ ಶಾಸನವು ಅವನನ್ನು ಮೂರನೆಯ ಕೃಷ್ಣನ ಅಧೀನನೆಂದೂ, 'ತರ್ದವಾಡಿ ಸಾಸಿರ'ವನ್ನು, ಅಂದರೆ ಭೀಮಾ ತೀರದ ತದ್ದೇವಾಡಿಯಿಂದ ಹೆಸರು ಪಡೆದು ಇಂದಿನ ವಿಜಯಪುರ ಸೀಮೆಯನ್ನು ಒಳಗೊಂಡಿದ್ದ ಸಾವಿರ ಹಳ್ಳಿಗಳ ನಾಡನ್ನು, 'ಅಣುಗಜೀವಿತ'ವಾಗಿ ಉಣ್ಣುತ್ತಿದ್ದನೆಂದೂ ತಿಳಿಸುತ್ತದೆ. ಅಣುಗನೆಂದರೆ ಪ್ರೀತಿಪಾತ್ರ, ಜೀವಿತವೆಂದರೆ ಬದುಕಿಗೆಂದು ಕೊಟ್ಟ ಸಂಬಳ. ಎಂಟು ವರ್ಷಗಳ ಬಳಿಕ, 973ರಲ್ಲಿ, ಆ ಪ್ರೀತಿಪಾತ್ರನು ರಾಷ್ಟ್ರಕೂಟ ಕರ್ಕನನ್ನು ಸಿಂಹಾಸನದಿಂದ ಇಳಿಸಿದನು. ಎರಡು ಶತಮಾನ ಕಳೆಯುವುದರೊಳಗೆ ಇದೇ ತರ್ದವಾಡಿಯನ್ನು ಚಾಲುಕ್ಯರಿಂದ ಪಡೆದು ಆಳುತ್ತಿದ್ದ, ಮಂಗಳವಾಡವನ್ನು ನೆಲೆಯಾಗಿಸಿಕೊಂಡಿದ್ದ ಕಳಚುರಿ ಬಿಜ್ಜಳನು ತೈಲಪನ ವಂಶಕ್ಕೆ ಅದೇ ಗತಿ ಕಾಣಿಸಿದನು. 'ತತ್ಪಾದಪದ್ಮೋಪಜೀವಿ', ಅಂದರೆ ಅರಸನ ಪಾದಕಮಲದ ಆಸರೆಯಲ್ಲಿ ಬದುಕುವವನು ಎಂಬ ವಿಶೇಷಣ ಸಾಮಂತರ ಶಾಸನಗಳಲ್ಲಿ ಎಷ್ಟು ಸಲ ಬರುತ್ತದೆಯೆಂದರೆ, ಅದನ್ನು ನಿಷ್ಠೆಯ ಪುರಾವೆಯಾಗಿ ಓದುವುದು ಜಾಣತನವಲ್ಲ. ಆಣೆ ಪದೇ ಪದೇ ಬೇಕಾಗುವುದು ನಂಬಿಕೆ ಸಡಿಲವಾದ ಕಡೆ.

ಬಿಜ್ಜಳನ ಭಂಡಾರಿಯಾಗಿದ್ದ, ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನ ಎದುರಿಗಿದ್ದ ಪ್ರಶ್ನೆ ಇದೇ: ಅರಸನ ಊಳಿಗದಲ್ಲಿದ್ದೂ ಅರಸನ ಆಳಾಗದಿರುವುದು ಹೇಗೆ? ಶರಣರು ಕಂಡುಕೊಂಡ ಉತ್ತರದಲ್ಲಿ ಊಟದ ದಿಕ್ಕೇ ಬದಲಾಯಿತು. ಉಣ್ಣುವುದು ಒಡೆಯ ಕೊಟ್ಟಿದ್ದನ್ನಲ್ಲ, ತನ್ನ ಕಾಯಕದಿಂದ ಬಂದದ್ದನ್ನು, ಅದೂ ದಾಸೋಹ ಮಾಡಿ ಉಳಿದ ಪ್ರಸಾದವನ್ನು. ಆದ್ದರಿಂದ ಋಣ ಸಲ್ಲಬೇಕಾದುದು ಜಂಗಮಕ್ಕೆ, ಲಿಂಗಕ್ಕೆ. ಷಟ್‌ಸ್ಥಲ ಸಿದ್ಧಾಂತದ ಆರು ಮೆಟ್ಟಿಲುಗಳಲ್ಲಿ ಎರಡನೆಯದಾದ ಮಾಹೇಶ್ವರ ಸ್ಥಲದ ಲಕ್ಷಣವೇ ನಿಷ್ಠಾಭಕ್ತಿ, ಅಂದರೆ ಹಿಡಿದುದನ್ನು ಬಿಡದ, ಬೇರೊಂದಕ್ಕೆ ಎಳಸದ ಛಲ. ಒಡೆಯನಿಗಾಗಿ ಸಾಯುವ ಲೆಂಕನ ಛಲವನ್ನು ಶರಣರು ಅರಸನಿಂದ ಕಿತ್ತು ದೇವರ ಕಡೆಗೆ ತಿರುಗಿಸಿದರೆನ್ನಬಹುದು, ಮತ್ತು ಈ ಸೀಮೆಯ ಚರಿತ್ರೆಯಲ್ಲಿ ನಿಷ್ಠೆಯನ್ನು ಉಂಬಳಿಯಿಂದ ಬಿಡಿಸಿದ ಪ್ರಯತ್ನ ಇದಕ್ಕೆ ಸಮನಾದುದು ಇನ್ನೊಂದಿಲ್ಲ.

ಆದಿಲ್‌ಶಾಹಿ ಕಾಲದಲ್ಲಿ ಜೋಳದ ಜಾಗಕ್ಕೆ ಉಪ್ಪು ಬಂದಿತು. ಉಪ್ಪಿನ ಋಣ ತೀರಿಸಿದವನು ನಮಕ್‌ಹಲಾಲ್, ಮರೆತವನು ನಮಕ್‌ಹರಾಮ್ ಎಂಬ ಪಾರ್ಸಿ ದರ್ಬಾರಿನ ಲೆಕ್ಕಾಚಾರವು ಉಂಡ ಮನೆಗೆ ಎರಡು ಬಗೆಯಬಾರದೆಂಬ ಕನ್ನಡ ತಿಳಿವಳಿಕೆಗೆ ಸುಲಭವಾಗಿ ಹೊಂದಿಕೊಂಡಿತು. ಈ ರಾಜ್ಯ ಹುಟ್ಟಿದ್ದೂ ಹಳೆಯ ಕ್ರಮದಲ್ಲೇ: ಬಹಮನಿ ಸುಲ್ತಾನರ ಪರವಾಗಿ ವಿಜಯಪುರವನ್ನು ನೋಡಿಕೊಳ್ಳುತ್ತಿದ್ದ ಯೂಸುಫ್ ಆದಿಲ್ ಖಾನನು, ಬೀದರಿನ ಅರಸ ಕೈಲಾಗದವನಾದಾಗ, 1490ರ ಸುಮಾರಿಗೆ ಸ್ವತಂತ್ರನಾದನು. ಅಂತ್ಯವೂ ಅದಕ್ಕೆ ತಕ್ಕಂತೆಯೇ ಇತ್ತು. 1686ರ ಸೆಪ್ಟೆಂಬರಿನಲ್ಲಿ ಕೋಟೆ ಔರಂಗಜೇಬನ ವಶವಾಗಿ ಸಿಕಂದರ್ ಆದಿಲ್‌ಶಾಹನು ಸೆರೆಯಾದಾಗ ಅವನ ಸರದಾರರಲ್ಲಿ ಹಲವರು ಮೊಗಲರ ಮನಸಬು, ಅಂದರೆ ದರ್ಜೆ ಮತ್ತು ಸಂಬಳ, ಪಡೆದು ಮುಂದುವರಿದರು. ಅಂಥವರಲ್ಲೊಬ್ಬನಾದ ಅಬ್ದುಲ್ ರವೂಫ್ ಖಾನನ ವಂಶವೇ ಸವಣೂರಿನ ನವಾಬರ ಮನೆತನವಾಯಿತು. ಸಿಕಂದರನು ಮಾತ್ರ 1700ರಲ್ಲಿ ಸೆರೆಯಲ್ಲೇ ಸತ್ತು ವಿಜಯಪುರದಲ್ಲಿ ಮಣ್ಣಾದನು.

ಊರುಗಳಲ್ಲಿ ಲೆಕ್ಕ ಬೇರೆಯಿತ್ತು. ದೇಸಾಯಿ, ಗೌಡ, ಕುಲಕರ್ಣಿ, ತಳವಾರ, ವಾಲೀಕಾರ ಇವರೆಲ್ಲ ವತನದಾರರು, ವಂಶಪಾರಂಪರ್ಯವಾದ ಊರಚಾಕರಿಗೆ ಪ್ರತಿಯಾಗಿ ಭೂಮಿ ಉಂಡವರು. ಆದಿಲ್‌ಶಾಹಿ ಹೋಗಿ ಮೊಗಲರು, ನಿಜಾಮ, 1760ರಲ್ಲಿ ಪೇಶ್ವೆ, 1818ರ ಬಳಿಕ ಸಾತಾರದ ಅರಸ, 1848ರಿಂದ ಕಂಪನಿ ಹೀಗೆ ಮೇಲಿನವರು ಬದಲಾದರೂ ವತನದಾರನ ಋಣ ವತನಕ್ಕೇ ಇತ್ತು, ದೊರೆಗಲ್ಲ.

ಇಂಗ್ಲಿಷರು ತಂದ 'ಲಾಯಲ್ಟಿ' ಎಂಬ ಮಾತು ಫ್ರೆಂಚಿನ ಮೂಲಕ ಲ್ಯಾಟಿನ್ನಿನಿಂದ ಬಂದದ್ದು. ಅದರ ಮೂಲದಲ್ಲಿರುವುದು ಊಟವಲ್ಲ, ಕಾನೂನು. ಆದರೆ ವಸಾಹತಿನಲ್ಲಿ ಅದಕ್ಕೆ ರಾಜಭಕ್ತಿಯೆಂಬ ಭಾವದ ವೇಷ ತೊಡಿಸಲಾಯಿತು. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆ ಬಂದಾಗ ಹಲಗಲಿಯ ಬೇಡರು ತಿರುಗಿಬಿದ್ದರು. ಹಿಂದಿನ ಒಡೆಯರಿಗೆ ಊಳಿಗದ ಗುರುತಾಗಿದ್ದ ಆಯುಧವೇ ಹೊಸ ಒಡೆಯನಿಗೆ ದ್ರೋಹದ ಗುರುತಾಗಿತ್ತು. 1870ರಲ್ಲಿ ದಂಡಸಂಹಿತೆಗೆ ಸೇರಿದ 124-ಎ ಕಲಮು ಸರ್ಕಾರದ ಬಗ್ಗೆ ಅಪ್ರೀತಿ ಹುಟ್ಟಿಸುವುದನ್ನೇ ಅಪರಾಧ ಮಾಡಿತು. ವಿಜಯಪುರವೂ ಸೇರಿದ್ದ ಮುಂಬಯಿ ಪ್ರಾಂತದಲ್ಲಿ 1897ರಲ್ಲಿ ಬಾಲಗಂಗಾಧರ ತಿಲಕರು ಶಿಕ್ಷೆಗೊಳಗಾದುದು ಇದರಡಿಯಲ್ಲೇ. ಜೋಳ ಕೊಡದೆ ಪ್ರೀತಿ ಕೇಳಿದ ಮೊದಲ ಒಡೆಯರು ಇವರು. 1876–78ರ ಬರದಲ್ಲಿ ಈ ಸೀಮೆ ಸೇರಿದ್ದ ಆಗಿನ ಕಲಾದಗಿ ಜಿಲ್ಲೆ ಜನರನ್ನು ಕಳೆದುಕೊಂಡ ಬಗೆಯನ್ನು ನೆನೆದರೆ ಈ ಮಾತು ಕಟುವೆನಿಸದು.

ಸ್ವಾತಂತ್ರ್ಯಾನಂತರ ನಿಷ್ಠೆ ವ್ಯಕ್ತಿಯನ್ನು ಬಿಟ್ಟು ಬರಹಕ್ಕೆ ಬಂದಿತು: ಶಾಸಕನು ಪ್ರಮಾಣ ಮಾಡುವುದು ವಿಧಿಪೂರ್ವಕ ಸ್ಥಾಪಿತವಾದ ಸಂವಿಧಾನಕ್ಕೆ. ವತನಗಳು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ಹೋದವು. ಹೋಗಲು ಹೆಚ್ಚು ಕಾಲ ಹಿಡಿದುದು ತಳದ ಋಣ. ತೈಲಪನಿಗೆ ಸಾವಿರ ಹಳ್ಳಿಗಳನ್ನು ಕೊಡಿಸಿದ 'ಜೀವಿತ'ವೇ ಸವೆದು 'ಜೀತ'ವಾಗಿ, ಮೊದಲು ಸಂಬಳವೆಂಬ ಅರ್ಥದಲ್ಲಿದ್ದು, ಕೊನೆಗೆ ಸಾಲಕ್ಕೆ ಸಿಕ್ಕಿ ಗೌಡರ ಮನೆಯಲ್ಲಿ ದುಡಿಯುವವನ ಪಾಡಿನ ಹೆಸರಾಯಿತು. ನಾಡನ್ನೇ ಉಂಡವರು ಬೇಕಾದಾಗ ಋಣ ಹರಿದುಕೊಂಡರು. ಹಿಡಿ ಜೋಳ ಉಂಡವನಿಗೆ ಮಾತ್ರ ಅದು ಮಕ್ಕಳವರೆಗೂ ಹರಿಯಲಿಲ್ಲ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯು ಅಂಥವನನ್ನು ಬಿಡಿಸಿದ್ದಷ್ಟೇ ಅಲ್ಲ, ಜೀತಕ್ಕೆ ಕಾರಣವಾದ ಸಾಲವನ್ನು ಅವನು ಮರಳಿಸಬೇಕಾಗಿಲ್ಲವೆಂದೂ ವಿಧಿಸಿತು.