ಕಂಪನಿ ಅಂದ್ರೆ ಕೂಡಿ ಉಣ್ಣೋದು

‘ಈಗ ಯಾವ ಕಂಪನಿ?’ ಅಂತ ಯಾರಾದರೂ ಕೇಳಿದರೆ ನಾವು ಕೆಲಸ ಮಾಡೋ ಜಾಗದ ಹೆಸರು ಹೇಳ್ತೀವಿ. ‘ಒಂಚೂರು ಕಂಪನಿ ಕೊಡೋ’ ಅಂದರೆ ಜೊತೆಗೆ ಕೂತು ಚಹಾ ಕುಡೀತೀವಿ. ಇತಿಹಾಸದ ಪಾಠದಲ್ಲಿ ‘ಕಂಪನಿ ಸರ್ಕಾರ’ ಅಂದರೆ ಈಸ್ಟ್ ಇಂಡಿಯಾದವರು. ಅದೇ ಹಾನಗಲ್ ಕಡೆಯ ಅಜ್ಜ ‘ಊರಿಗೆ ಕಂಪನಿ ಬಂದೈತಿ’ ಅಂದರೆ ಜಾತ್ರೆಗೆ ನಾಟಕದವರು ಟೆಂಟು ಹಾಕಿದ್ದಾರೆ ಅಂತ ಅರ್ಥ. ಪದ ಒಂದೇ, ದುಡಿಯೋದು ಮಾತ್ರ ನಾಲ್ಕು ಮನೆಯಲ್ಲಿ.

ಇದರ ಬೇರು ಅಡುಗೆಮನೆಯಲ್ಲಿದೆ. ಲ್ಯಾಟಿನ್‌ನಲ್ಲಿ ‘ಕಾಮ್’ ಅಂದರೆ ಜೊತೆಗೆ, ‘ಪಾನಿಸ್’ ಅಂದರೆ ರೊಟ್ಟಿ. ಎರಡೂ ಸೇರಿ ‘ಕಂಪಾನಿಯೋ’, ಅಂದರೆ ಜೊತೆಗೆ ರೊಟ್ಟಿ ತಿನ್ನುವವನು. ಅದು ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. ಇದೇ ‘ಪಾನಿಸ್’ ಪೋರ್ಚುಗೀಸರ ಬಾಯಲ್ಲಿ ಸವೆದು ನಮ್ಮ ಪಾವ್‌ಭಾಜಿಯ ‘ಪಾವ್’ ಆಯಿತು. ಅಂದರೆ ಆಫೀಸಿನ ಬೋರ್ಡಿನ ಮೇಲಿರುವ ಪದಕ್ಕೂ ಸಂಜೆ ಗಾಡಿಯ ಮೇಲೆ ಬೆಣ್ಣೆಯಲ್ಲಿ ಬೇಯುವ ಪಾವಿಗೂ ಮೂಲ ಒಂದೇ.

ರೊಟ್ಟಿ ಹಂಚಿಕೊಳ್ಳುವವರು ಮುಂದೆ ಲಾಭ ಹಂಚಿಕೊಳ್ಳುವವರಾದರು. 1600ರ ಡಿಸೆಂಬರ್ 31ರಂದು ರಾಣಿ ಎಲಿಜಬೆತ್ ಲಂಡನ್ನಿನ ವರ್ತಕರ ಕಂಪನಿಗೆ ಸನ್ನದು ಕೊಟ್ಟಳು. ಶುರುವಿನಲ್ಲಿ ಒಂದೊಂದು ಹಡಗಿನ ಯಾನಕ್ಕೂ ಬೇರೆ ಬೇರೆ ದುಡ್ಡು ಕೂಡಿಸಿ, ಹಡಗು ಮರಳಿದ ಮೇಲೆ ಲಾಭ ಹಂಚಿಕೊಳ್ತಿದ್ದರು. ಹಂಚಿಕೆ ಇತ್ತು, ಖರೆ. ಆದರೆ ಪಂಕ್ತಿಯಲ್ಲಿ ಕೂತವರು ದುಡ್ಡು ಹಾಕಿದವರು ಮಾತ್ರ. ಹತ್ತಿ ಬೆಳೆದವನಿಗೂ ಬಟ್ಟೆ ನೇಯ್ದವನಿಗೂ ಅಲ್ಲಿ ಎಲೆ ಹಾಕಿರಲಿಲ್ಲ.

1818ರಲ್ಲಿ ಪೇಶ್ವೆ ಸೋತ ಮೇಲೆ ಈ ಕಂಪನಿ ನಮ್ಮ ಕಡೆಗೂ ಬಂತು. ಹಾನಗಲ್ಲಿನ ಸೀಮೆ ಅದರ ಕೈ ಸೇರಿತು. ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿ ಶಿಗ್ಗಾವಿಯೇ ಬಂಕಾಪುರ ತಾಲ್ಲೂಕಿನ ಕಚೇರಿ, ಹಿರೇಕೆರೂರೇ ಕೋಡ ತಾಲ್ಲೂಕಿನ ಕಚೇರಿ. ಸವಣೂರಲ್ಲಿ ಮಾತ್ರ ನವಾಬರು ಉಳಿದರು, ಅದೂ ಬ್ರಿಟಿಷರ ನೆರಳಿನಲ್ಲಿ. ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ ಶರೀಫರು ಹುಟ್ಟಿದ್ದು ಮರುವರ್ಷ, 1819ರಲ್ಲಿ. ಅವರಿಗೆ ನಲವತ್ತು ತುಂಬುವ ಮೊದಲೇ, 1858ರಲ್ಲಿ, ಕಂಪನಿಯ ಆಳ್ವಿಕೆ ಮುಗಿದು ರಾಣಿಯ ಆಳ್ವಿಕೆ ಶುರುವಾಯಿತು. 1874ರಲ್ಲಿ ಆ ಕಂಪನಿಯ ಹೆಸರೂ ಅಳಿಸಿಹೋಯಿತು.

ಸುಮಾರು ಅದೇ ಹೊತ್ತಿಗೆ ಈ ಪದಕ್ಕೆ ನಮ್ಮಲ್ಲಿ ಇನ್ನೊಂದು ಜನ್ಮ ಸಿಕ್ಕಿತು. ಮರಾಠಿ ನಾಟಕ ಮಂಡಳಿಗಳು ಉತ್ತರ ಕರ್ನಾಟಕದ ಊರೂರು ತಿರುಗಿ ಜನರನ್ನು ಮರುಳು ಮಾಡ್ತಿದ್ದ ಕಾಲ ಅದು. ನಮ್ಮ ಜನ ಕನ್ನಡದ್ದೇ ನಾಟಕ ನೋಡಲಿ ಅಂತ ಹೊರಟವರು ಸಕ್ಕರಿ ಬಾಳಾಚಾರ್ಯರು, ಅಂದರೆ ಶಾಂತಕವಿಗಳು. ಹುಟ್ಟಿದ್ದು ಹಿರೇಕೆರೂರು ತಾಲ್ಲೂಕಿನ ಸಾತೇನಹಳ್ಳಿ. 1870ರ ದಶಕದಲ್ಲಿ ಗದಗಿನಲ್ಲಿ ಅವರ ನಾಟಕ ಮಂಡಳಿ ಶುರುವಾಯಿತು. 1884ರಲ್ಲಿ ದಕ್ಷಿಣದ ಗುಬ್ಬಿಯಲ್ಲೂ ಒಂದು ತಂಡ ಹುಟ್ಟಿತು. ಫಲಕದ ಮೇಲೆ ಮಂಡಳಿ, ಸಂಘ ಅಂತೆಲ್ಲ ಬರೆದರೂ ಜನ ಕರೆದದ್ದು ಕಂಪನಿ ಅಂತಲೇ. ಆ ತಂಡಗಳ ಹೆಸರಲ್ಲಿ ಮತ್ತೆ ಮತ್ತೆ ಬರೋ ಮಾತು ‘ಕೃಪಾಪೋಷಿತ’, ಅಂದರೆ ದೇವರ ಅಥವಾ ಗುರುವಿನ ಕೃಪೆಯಿಂದ ಪೋಷಣೆ ಪಡೆದದ್ದು. ನಮ್ಮವರಿಗೆ ಲ್ಯಾಟಿನ್ ಗೊತ್ತಿರಬೇಕಾಗಿರಲಿಲ್ಲ. ಅನ್ನದ ಅರ್ಥ ಹೆಸರಿನೊಳಗೆ ತಾನಾಗಿ ಬಂದು ಕೂತಿತ್ತು.

ಇದು ಬರೀ ಹೆಸರಲ್ಲ ಅನ್ನೋದನ್ನ ತೋರಿಸಿದವರು ಹಾನಗಲ್ ತಾಲ್ಲೂಕಿನವರು. ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಒಬ್ಬ ಹುಡುಗನಿಗೆ ಕಣ್ಣಿರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳು ಅವನನ್ನು ಕರೆದುಕೊಂಡು ಸಂಗೀತ ಕಲಿಸಿದರು. ಅವರೇ ಮುಂದೆ ಪಂಚಾಕ್ಷರ ಗವಾಯಿಗಳು. ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳನ್ನು ಕೂಡಿಸಿಕೊಂಡು ಊರೂರು ತಿರುಗುತ್ತಾ ಸಂಗೀತ ಕಲಿಸಿದರು. ಆ ತಿರುಗಾಟವೇ ಗದಗಿನ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆ ನಿಂತಿತು. ಇಷ್ಟು ಬಾಯಿಗೆ ಊಟ ಎಲ್ಲಿಂದ? ಗುರು ಕುಮಾರೇಶ್ವರರ ಹೆಸರಿನಲ್ಲಿ ನಾಟಕ ಕಂಪನಿ ಕಟ್ಟಿದರು. ಟಿಕೆಟ್ಟಿನ ದುಡ್ಡು ಆಶ್ರಮದ ಒಲೆಗೆ ಹೋಯಿತು. 1944ರಲ್ಲಿ ಅವರು ತೀರಿಕೊಂಡ ಮೇಲೆ ಭಾರ ಹೊತ್ತವರು ಪುಟ್ಟರಾಜ ಗವಾಯಿಗಳು. ಅವರೂ ಹಾನಗಲ್ ತಾಲ್ಲೂಕಿನವರೇ, ಅವರಿಗೂ ಚಿಕ್ಕಂದಿನಲ್ಲೇ ಕಣ್ಣು ಹೋಗಿತ್ತು. ನಾಟಕ ಬರೆದರು, ಕಂಪನಿ ನಡೆಸಿದರು, ಮಕ್ಕಳಿಗೆ ಉಣಿಸಿ ಕಲಿಸಿದರು. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಹೋಗಿಬಿಟ್ಟರು.

ಹಂಗಾದ್ರೆ ಒಂದೇ ಪದದಡಿ ಎರಡು ಲೆಕ್ಕ ಇವೆ. ಒಂದರಲ್ಲಿ ದುಡ್ಡು ಹಾಕಿದವರಿಗೆ ಮೊದಲ ಎಲೆ. ಇನ್ನೊಂದರಲ್ಲಿ ಹಸಿದವರಿಗೆ ಮೊದಲ ಎಲೆ. ನಮ್ಮ ಆಫೀಸುಗಳು ಹುಟ್ಟಿದ್ದು ಮೊದಲನೇ ಲೆಕ್ಕದಿಂದ, ಅದರಲ್ಲಿ ನಾಚಿಕೆಪಡೋದೇನೂ ಇಲ್ಲ. ಸಂಬಳ ಹೊತ್ತಿಗೆ ಬಂದರೆ ಮನೆಯ ಒಲೆ ಉರಿಯುತ್ತೆ. ಆದರೆ ಎಚ್‌ಆರ್‌ನವರು ‘ನಾವೆಲ್ಲ ಒಂದೇ ಫ್ಯಾಮಿಲಿ’ ಅಂತ ಮೇಲ್ ಕಳಿಸಿದಾಗ ಅವರು ಆಡ್ತಿರೋದು ಎರಡನೇ ಲೆಕ್ಕದ ಮಾತು. ಅದು ಖರೆಯೋ ಸುಳ್ಳೋ ಅಂತ ನೋಡೋಕೆ ನಿಘಂಟು ಬೇಡ. ಲಾಭ ಕಡಿಮೆಯಾದ ವರ್ಷ ಪಂಕ್ತಿಯಿಂದ ಮೊದಲು ಯಾರನ್ನ ಎಬ್ಬಿಸ್ತಾರೆ, ಅಷ್ಟು ನೋಡಿದರೆ ಸಾಕು.