ಕಥಾಸಾಹಿತ್ಯದ ಮೇಲಣ ಕರವೂ ವ್ಯೋಮಸಂಶೋಧನೆಯೂ

ಪತ್ತೇದಾರಿ, ಭಯಾನಕ, ಪ್ರಣಯ, ವೈಜ್ಞಾನಿಕ ಮೊದಲಾದ ಜನಪ್ರಿಯ ಕಾದಂಬರಿಗಳ ಮೇಲೆ ಕರವನ್ನು ವಿಧಿಸಿ, ಬಂದ ಹಣವನ್ನು ವ್ಯೋಮಸಂಶೋಧನೆಗೆ ವಿನಿಯೋಗಿಸುವುದು ನ್ಯಾಯವೇ ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ವಿನೋದವಾಗಿ ತೋರಬಹುದು. ಆದರೆ ಒಂದು ವಸ್ತುವಿನಿಂದ ಹಣವನ್ನೆತ್ತಿ ಒಂದು ವಿದ್ಯೆಗೆ ಮೀಸಲಿಡುವ ಪದ್ಧತಿಯು ನಮ್ಮಲ್ಲಿ ಹೊಸದಲ್ಲ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಗಳಲ್ಲಿ ಇಂತಹ ಕರದ ಎರಡು ಬಗೆಗಳು ಕಂಡುಬರುವುದರಿಂದ, ತರ್ಕಕ್ಕಿಂತ ಮೊದಲು ಚರಿತ್ರೆಯನ್ನು ವಿಚಾರಿಸುವುದು ಉಚಿತ.

ಮೊದಲನೆಯದು ಹೊಗೆಸೊಪ್ಪಿನದು. 1940ರ ಶಾಸನವೊಂದು ರಫ್ತಾಗುವ ಕೃಷ್ಯುತ್ಪನ್ನಗಳ ಮೇಲೆ ಅಲ್ಪಕರವನ್ನು ಹಾಕಿ ಅದನ್ನು ಕೃಷಿಸಂಶೋಧನ ಪರಿಷತ್ತಿಗೆ ಒಪ್ಪಿಸಿತು. 1943ರಲ್ಲಿ ಹೊಗೆಸೊಪ್ಪಿನ ಮೇಲೆ ಕೇಂದ್ರ ಸರ್ಕಾರದ ಸುಂಕ ಬಿದ್ದಿತು. 1945ರಲ್ಲಿ ಆ ಬೆಳೆಗೆಂದೇ ಒಂದು ಮಧ್ಯವರ್ತಿ ಸಮಿತಿಯು ಹುಟ್ಟಿತು. 1947ರಲ್ಲಿ ರಾಜಮಹೇಂದ್ರಿಯಲ್ಲಿ ಸಂಶೋಧನಾಲಯವೂ 1957ರಲ್ಲಿ ಹುಣಸೂರಿನಲ್ಲಿ ಅದರ ಶಾಖೆಯೂ ಸ್ಥಾಪಿತವಾದುವು. 1975ರಲ್ಲಿ ಹೊಗೆಸೊಪ್ಪು ಮಂಡಲಿಯ ಶಾಸನದೊಡನೆಯೇ ಹೊಗೆಸೊಪ್ಪಿನ ಕರದ ಶಾಸನವೂ ಬಂದಿತು. 1984ರಿಂದ ಕರ್ನಾಟಕದಲ್ಲಿ ಮಂಡಲಿಯ ಹರಾಜು ನಡೆಯುತ್ತಿದೆ. ಪಿರಿಯಾಪಟ್ಟಣದ ರೈತನು ಬ್ಯಾರನ್ನಿನಲ್ಲಿ ಹದಮಾಡಿದ ಸೊಪ್ಪಿನ ಮೇಲೆ ಎತ್ತಿದ ಹಣವು ಆ ಸೊಪ್ಪಿನ ತಳಿ, ರೋಗ, ಮಾರಾಟಗಳ ಕೆಲಸಕ್ಕೇ ತಿರುಗಿ ಬರಬೇಕೆಂಬುದು ಈ ವ್ಯವಸ್ಥೆಯ ಆಶಯ. ಕೊಡುವವನಿಗೂ ಪಡೆಯುವವನಿಗೂ ನಡುವೆ ಒಂದು ಬೇಲಿಯಷ್ಟೇ ದೂರ.

ಎರಡನೆಯದು ಗ್ರಂಥಾಲಯ ಕರ. 1965ರ ಸಾರ್ವಜನಿಕ ಗ್ರಂಥಾಲಯಗಳ ಶಾಸನದ ಪ್ರಕಾರ ಭೂಮಿ, ಕಟ್ಟಡ ಮೊದಲಾದವುಗಳ ತೆರಿಗೆಯ ಮೇಲೆ ಈ ಕರವು ಸೇರುತ್ತದೆ. ಈಗ ಅದು ರೂಪಾಯಿಗೆ 6 ಪೈಸೆ. ಇಲ್ಲಿ ಮನೆಯೊಡೆಯನು ಕೊಡುತ್ತಾನೆ, ಓದುಗನು ಪಡೆಯುತ್ತಾನೆ. ಬೇಲಿ ದೂರವಾಯಿತಾದರೂ ಊರು ಒಂದೇ. ಕೃಷ್ಣರಾಜನಗರದಲ್ಲಿ ಮನೆ ಕಟ್ಟಿಸಿದವನ ಮಗಳು ಅಲ್ಲಿನ ವಾಚನಾಲಯದಿಂದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಮನೆಗೆ ತರಬಲ್ಲಳು. ಅಂದರೆ ನಮ್ಮ ನಾಡಿನ ಶಾಸನವು ಕಥೆಗಾಗಿ ಕರವನ್ನೆತ್ತಿತೇ ಹೊರತು ಕಥೆಯಿಂದ ಎತ್ತಲಿಲ್ಲ. 2017ರ ಸರಕು ಸೇವಾ ತೆರಿಗೆಯೂ ಮುದ್ರಿತ ಗ್ರಂಥಗಳನ್ನು ಮುಟ್ಟದೆ ಬಿಟ್ಟಿದೆ.

ಮೀಸಲಿಟ್ಟ ಹಣವು ಮೀಸಲಾದೆಡೆಗೇ ಸೇರುವುದೆಂಬ ಭರವಸೆಯೂ ಇಲ್ಲ. ವಸೂಲಾದ ಗ್ರಂಥಾಲಯ ಕರವನ್ನು ಸ್ಥಳೀಯ ಸಂಸ್ಥೆಗಳು ಬಾಕಿ ಉಳಿಸಿಕೊಳ್ಳುವವೆಂಬ ದೂರು ರಾಜ್ಯದಲ್ಲಿ ಹಳೆಯದು. ವಿದೇಶದಿಂದ ತಂದ ತಂತ್ರಜ್ಞಾನದ ಮೇಲೆ 1986ರಲ್ಲಿ ಸಂಶೋಧನೆಯ ಹೆಸರಿನಲ್ಲಿಯೇ ವಿಧಿಸಿದ ಕರವು 2017ರಲ್ಲಿ ರದ್ದಾಯಿತು; ಸಂಗ್ರಹದ ಅಲ್ಪಾಂಶವೇ ಉದ್ದಿಷ್ಟ ಮಂಡಲಿಗೆ ಸೇರಿತೆಂದು ಲೆಕ್ಕಪರಿಶೋಧಕರು ತೋರಿಸಿದ್ದಾರೆ. ವ್ಯೋಮಸಂಶೋಧನೆಯಾದರೋ 1969ರಲ್ಲಿ ಅದರ ಸಂಸ್ಥೆಯೂ 1972ರಲ್ಲಿ ಅದರ ಇಲಾಖೆಯೂ ಏರ್ಪಟ್ಟಂದಿನಿಂದ ಕೇಂದ್ರದ ಸಾಮಾನ್ಯ ಬೊಕ್ಕಸದಿಂದಲೇ ಪೋಷಣೆ ಪಡೆದಿದೆ. ಆ ಬೊಕ್ಕಸಕ್ಕೆ ಬೀಡಿ ಸೇದುವವನ ಸುಂಕವೂ ಸೇರಿದೆ.

ಆಕ್ಷೇಪದ ಮುಖ್ಯಾಂಶ ಇಲ್ಲಿಯೇ ಇದೆ. ಹೊಗೆಸೊಪ್ಪಿಗೆ ಭಾರಿ ತೆರಿಗೆ ಬೀಳುವುದು ಅದು ಕೆಡುಕೆಂಬ ಕಾರಣದಿಂದಲೂ ಹೌದು. ಜನಪ್ರಿಯ ಕಾದಂಬರಿಯನ್ನು ಅದೇ ಪಂಕ್ತಿಯಲ್ಲಿ ಕೂರಿಸುವವರು, ಅದೂ ಒಂದು ದುಶ್ಚಟವೆಂಬ ಪಂಡಿತರ ಹಳೆಯ ತಾತ್ಸಾರವನ್ನು ಶಾಸನವಾಗಿಸುತ್ತಾರೆ. ಅಗ್ಗದ ಪುಸ್ತಕವನ್ನು ಕೊಳ್ಳುವವನು ಬಹುಮಟ್ಟಿಗೆ ಬಡ ಓದುಗನೆಂಬುದನ್ನೂ ಮರೆಯಬಾರದು. ಹೆಗ್ಗಡದೇವನಕೋಟೆಯ ಕಾಡಂಚಿನ ಹಳ್ಳಿಯಲ್ಲಿ ಓದು ಕಲಿತ ಮೊದಲ ತಲೆಮಾರು ಓದುವುದು ಮಹಾಕಾವ್ಯವನ್ನಲ್ಲ.

ಇನ್ನು ಯಾವುದು ಜನಪ್ರಿಯ ಪ್ರಕಾರ, ಯಾವುದು ಶುದ್ಧಸಾಹಿತ್ಯ ಎಂದು ಸುಂಕದ ಅಧಿಕಾರಿಯು ನಿರ್ಣಯಿಸುವ ಬಗೆ ಹೇಗೆ? ಹುಣಸೂರು ಸೀಮೆಯ ಕಲ್ಲಹಳ್ಳಿಯ ಪ್ರಭುವಾದ ಮೂರನೆಯ ಮಂಗರಸನು ಸುಮಾರು 1508ರಲ್ಲಿದ್ದವನು. ಅವನು ಸೂಪಶಾಸ್ತ್ರವನ್ನೂ ಬರೆದನು, ಸಮ್ಯಕ್ತ್ವಕೌಮುದಿಯನ್ನೂ ಬರೆದನು. ಈ ಎರಡನೆಯದು ಧರ್ಮಗ್ರಂಥವೇ ಸರಿ. ಆದರೆ ಆ ಕಥಾಪರಂಪರೆಯಲ್ಲಿ ಶ್ರೇಷ್ಠಿಯು ರಾತ್ರಿ ತನ್ನ ಹೆಂಡಿರಿಗೆ ಹೇಳುವ ಕಥೆಗಳನ್ನು ರಾಜನೂ ಮಂತ್ರಿಯೂ ಒಬ್ಬ ಕಳ್ಳನೂ ಮರೆಯಲ್ಲಿ ನಿಂತು ಕೇಳುತ್ತಾರೆ. ಕಳ್ಳನಿರುವುದರಿಂದ ಕರ ಬೀಳಬೇಕೋ, ಸಮ್ಯಕ್ತ್ವವಿರುವುದರಿಂದ ವಿನಾಯಿತಿಯೋ? ಅದೇ ಚಂಗಾಳ್ವರ ವಂಶದ ನಂಜುಂಡನು ರಚಿಸಿದ ಕುಮಾರರಾಮನ ಚರಿತೆಯಲ್ಲಿ ಸಾಹಸವೂ ಪ್ರಣಯಪ್ರಸಂಗವೂ ತುಂಬಿವೆ. ಪಾಠಶಾಲೆಯಲ್ಲಿ ಇಂದು ಅದನ್ನು ಕಾವ್ಯವೆಂದೇ ಓದಿಸಲಾಗುತ್ತದೆ.

ಗಗನಯಾತ್ರೆಯ ಕಥೆಗಳ ಮಟ್ಟಿಗಾದರೂ ಕರವು ಯುಕ್ತವಲ್ಲವೆ, ಅಲ್ಲಿ ವಿಷಯಸಂಬಂಧವಿದೆಯಲ್ಲ, ಎಂದು ಕೆಲವರು ವಾದಿಸಬಹುದು. ರಾಜಶೇಖರ ಭೂಸನೂರಮಠರಂಥ ವೈಜ್ಞಾನಿಕ ಕಥೆಗಾರರ ಓದುಗರು ಈ ವಾದದ ಪ್ರಕಾರ ಹಣ ಕೊಡಬೇಕಾಗುತ್ತದೆ. ಆದರೆ ಇಲ್ಲಿ ಋಣವು ಯಾರದೆಂಬುದನ್ನು ನೋಡಬೇಕು. ರಷ್ಯದ ಸಿಯೋಲ್ಕೊವ್‌ಸ್ಕಿಯು ಜೂಲ್ಸ್ ವರ್ನನ ಕಥೆಗಳಿಂದ ಪ್ರೇರಿತನಾದನು. ತಾನೂ ಅಂತಹ ಕಥೆಗಳನ್ನು ಬರೆದನು. ಅಮೆರಿಕದ ರಾಬರ್ಟ್ ಗೊಡಾರ್ಡನು ಹದಿಹರೆಯದಲ್ಲಿ, 1898ರಲ್ಲಿ, ಎಚ್. ಜಿ. ವೆಲ್ಸನ ಮಂಗಳಗ್ರಹದವರ ಕಥೆಯನ್ನು ಓದಿದನು. ಮುಂದೆ 1926ರಲ್ಲಿ ದ್ರವೇಂಧನದ ಮೊದಲ ರಾಕೆಟ್ಟನ್ನು ಹಾರಿಸಿದವನು ಅವನೇ. 1932ರಲ್ಲಿ ಅವನು ವೆಲ್ಸನಿಗೆ ಪತ್ರ ಬರೆದು ಆ ಓದಿನ ಉಪಕಾರವನ್ನು ನೆನೆದನು.