ಗಾಜಿನ ಪೆಟ್ಟಿಗೆಯೊಳಗಿನ ಬೇಸಿಗೆ

ಹಾಯಿಹಡಗಿನ ಕಾಲದಲ್ಲಿ ಕುಂಡದ ಗಿಡವೊಂದನ್ನು ಸಮುದ್ರ ದಾಟಿಸುವುದು ಹೆಚ್ಚುಕಡಿಮೆ ಅದನ್ನು ಸಾಯಲು ಕಳಿಸಿದಂತೆಯೇ ಆಗಿತ್ತು. ಡೆಕ್ಕಿನ ಮೇಲಿಟ್ಟರೆ ಬಿಸಿಲು ಮತ್ತು ಉಪ್ಪುನೀರಿನ ಸಿಡಿತ, ಒಳಗಿಟ್ಟರೆ ಕತ್ತಲೆ. ನಾವಿಕರ ಕುಡಿಯುವ ನೀರಿಗೇ ಅಳತೆಯಿದ್ದಲ್ಲಿ ಗಿಡಕ್ಕೆ ಯಾರು ಹಾಕುತ್ತಾರೆ? ಚೀನಾದಿಂದ ಇಂಗ್ಲೆಂಡಿಗೆ ಹೊರಟ ಸಾವಿರ ಗಿಡಗಳಲ್ಲಿ ಬದುಕಿ ತಲುಪುವುದು ಒಂದೇ ಎಂದು ಮಕಾವ್‌ನಲ್ಲಿದ್ದ ವೈದ್ಯ ಜಾನ್ ಲಿವಿಂಗ್‌ಸ್ಟನ್ 1819ರಲ್ಲಿ ಅಂದಾಜು ಮಾಡಿದ್ದ.

ಇದಕ್ಕೆ ಪರಿಹಾರ ಹುಟ್ಟಿದ್ದು ಹಡಗಿನಲ್ಲಲ್ಲ, ಲಂಡನ್ನಿನ ಹೊಗೆ ತುಂಬಿದ ಪೂರ್ವಭಾಗದ ಒಂದು ಮನೆಯಲ್ಲಿ. ನಥಾನಿಯಲ್ ಬ್ಯಾಗ್‌ಶಾ ವಾರ್ಡ್ ವೃತ್ತಿಯಿಂದ ವೈದ್ಯ, ಹುಚ್ಚು ಮಾತ್ರ ಜರೀಗಿಡಗಳದ್ದು. ಕಲ್ಲಿದ್ದಲಿನ ಮಸಿಗೆ ಅವನು ನೆಟ್ಟ ಜರೀಗಿಡಗಳೆಲ್ಲ ಸತ್ತಿದ್ದವು. 1829ರಲ್ಲಿ ಪತಂಗ ಹೊರಬರುವುದನ್ನು ನೋಡಲೆಂದು ಅದರ ಕೋಶವನ್ನು ಹಸಿಮಣ್ಣಿನಲ್ಲಿ ಹೂತು ಬಾಟಲಿಗೆ ಮುಚ್ಚಳ ಹಾಕಿಟ್ಟ. ಆ ಮಣ್ಣಿನಲ್ಲಿ ಒಂದು ಪುಟ್ಟ ಜರೀಗಿಡವೂ ಒಂದು ಹುಲ್ಲಿನ ಎಸಳೂ ಚಿಗುರಿದವು. ಹಗಲಿನಲ್ಲಿ ಆವಿಯಾದ ತೇವ ಗಾಜಿಗೆ ಹನಿಗಟ್ಟಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ಉತ್ತರಕ್ಕೆ ಮುಖಮಾಡಿದ ಕಿಟಕಿಯ ಹೊರಗೆ, ಒಂದು ಹನಿ ನೀರೂ ಹಾಕದೆ, ಅವೆರಡೂ ಸುಮಾರು ನಾಲ್ಕು ವರ್ಷ ಬದುಕಿದವು. ಕೊನೆಗೆ ಸತ್ತಿದ್ದು ನೀರಿಲ್ಲದೆ ಅಲ್ಲ, ಮುಚ್ಚಳಕ್ಕೆ ತುಕ್ಕು ಹಿಡಿದು ಮಳೆನೀರು ಒಳಹೊಕ್ಕಿದ್ದರಿಂದ.

1833ರಲ್ಲಿ ವಾರ್ಡ್ ಇಂಥ ಎರಡು ಗಾಜಿನ ಪೆಟ್ಟಿಗೆಗಳನ್ನು ಸಿಡ್ನಿಗೆ ಕಳಿಸಿದ. ಮರಳಿ ಬರುವಾಗ ಆಸ್ಟ್ರೇಲಿಯಾದ ಗಿಡಗಳನ್ನು ತುಂಬಿದ್ದರು. ದಕ್ಷಿಣ ಅಮೆರಿಕದ ತುದಿಯಲ್ಲಿ ಡೆಕ್ಕಿನ ಮೇಲೆ ಹಿಮ ಬಿದ್ದು ಉಷ್ಣಾಂಶ 20 ಡಿಗ್ರಿ ಫ್ಯಾರನ್‌ಹೀಟಿಗೆ ಇಳಿಯಿತು. ಸಮಭಾಜಕ ವೃತ್ತದ ಬಳಿ 120ಕ್ಕೆ ಏರಿತು. ದಾರಿಯಲ್ಲಿ ನೀರು ಹಾಕದಿದ್ದರೂ ಗಿಡಗಳು ಲಂಡನ್ನಿಗೆ ನಳನಳಿಸುತ್ತ ಬಂದವು. ಈ ಯಶಸ್ಸೇ ಮುಂದಿನ ಅತಿವಿಶ್ವಾಸಕ್ಕೂ ಕಾರಣವಾಗಿರಬೇಕು.

ಅದರ ಬೆಲೆ ತೆತ್ತದ್ದು ಸಿಂಕೋನಾ. ಮಲೇರಿಯಾಕ್ಕೆ ಮದ್ದಾದ ಕ್ವಿನೈನ್ ಸಿಗುವುದು ಆ್ಯಂಡೀಸ್ ಪರ್ವತದ ಈ ಮರದ ತೊಗಟೆಯಿಂದ. ತಮ್ಮ ಮರ ಹೊರಗೆ ಹೋಗುವುದು ಅಲ್ಲಿನವರಿಗೆ ಇಷ್ಟವಿರಲಿಲ್ಲ; ಬ್ರಿಟಿಷರು ಅದನ್ನು ‘ಸಂಗ್ರಹ’ ಎಂದು ಕರೆದುಕೊಂಡರು, ಕಳವು ಎನ್ನುವುದೇ ಸರಿಯೇನೋ. 1860ರಲ್ಲಿ ಕ್ಲೆಮೆಂಟ್ಸ್ ಮಾರ್ಕಮ್ ಪೆರುವಿನಿಂದ ಸಸಿಗಳನ್ನು ವಾರ್ಡ್ ಪೆಟ್ಟಿಗೆಗಳಲ್ಲಿಟ್ಟು ಹೊರಟ. ಗುರಿ ನೀಲಗಿರಿ. ಹತ್ತಿರದ ದಾರಿ ಬಿಟ್ಟು ಇಂಗ್ಲೆಂಡಿನ ಮೂಲಕ ಸುತ್ತಿಬರಬೇಕಾಯಿತು. ಸೂಯೆಜ್ ಕಾಲುವೆ ಆಗಿನ್ನೂ ತೆರೆದಿರಲಿಲ್ಲ. ಈಜಿಪ್ಟನ್ನು ನೆಲದ ಮೇಲೆ ದಾಟಿ, ಸೆಪ್ಟೆಂಬರಿನ ಕೆಂಪು ಸಮುದ್ರದಲ್ಲಿ 100 ಡಿಗ್ರಿ ಫ್ಯಾರನ್‌ಹೀಟ್ ಮೀರಿದ ಸೆಕೆಯಲ್ಲಿ ಬೆಂದು, ಸಸಿಗಳು ಮುಂಬೈಗೆ ಬಂದವು. ಅಕ್ಟೋಬರಿನಲ್ಲಿ ಊಟಿ ಮುಟ್ಟಿದವು. ಅಲ್ಲಿನ ಉದ್ಯಾನದ ಮೇಲ್ವಿಚಾರಕ ವಿಲಿಯಂ ಮೆಕ್‌ಐವರ್ ಎಷ್ಟು ಆರೈಕೆ ಮಾಡಿದರೂ ಒಂದೂ ಉಳಿಯಲಿಲ್ಲ.

ಜರೀಗಿಡ ತಾಳಿಕೊಂಡದ್ದನ್ನು ಸಿಂಕೋನಾ ಯಾಕೆ ತಾಳಲಿಲ್ಲ? ಮುಚ್ಚಿದ ಗಾಜು ಕಾಪಾಡುವುದು ತೇವವನ್ನು, ತಂಪನ್ನಲ್ಲ. ಬಿಸಿಲು ಒಳಗೆ ಬರುತ್ತದೆ, ಕಾವು ಹೊರಗೆ ಹೋಗುವುದಿಲ್ಲ. ಮೋಡ ಕವಿದ ಬೆಟ್ಟದಲ್ಲಿ ಬೆಳೆದ ಗಿಡಕ್ಕೆ ದಿನಗಟ್ಟಲೆ ಅಂಥ ಹಬೆಯೊಳಗಿರುವುದೆಂದರೆ ಇಡ್ಲಿಪಾತ್ರೆಯಲ್ಲಿ ಕೂತಂತೆ. ವಾರ್ಡನ ಬಾಟಲಿ ಉತ್ತರದ ಕಿಟಕಿಯಲ್ಲಿತ್ತು ಎಂಬುದನ್ನು ಯಾರೂ ದೊಡ್ಡದಾಗಿ ಹೇಳುವುದಿಲ್ಲ. ಅಪಾರ್ಟ್‌ಮೆಂಟಿನ ಪಶ್ಚಿಮದ ಬಾಲ್ಕನಿಯಲ್ಲಿ ಗಾಜಿನ ಜಾಡಿಯ ತೋಟ ಇಟ್ಟು ಏಪ್ರಿಲಿನಲ್ಲಿ ಕಳೆದುಕೊಂಡವರಿಗೆ ಮಾತ್ರ ಅದರ ಅರ್ಥ ಗೊತ್ತು.

ಮರುವರ್ಷ ಈಕ್ವೆಡಾರ್‌ನಿಂದ ರಿಚರ್ಡ್ ಸ್ಪ್ರೂಸ್ ಸಂಗ್ರಹಿಸಿದ ಕೆಂಪು ತೊಗಟೆಯ ಸಿಂಕೋನಾ ಸಸಿಗಳನ್ನು ರಾಬರ್ಟ್ ಕ್ರಾಸ್ ಎಂಬ ತೋಟಗಾರ ತಂದ. ಪೆಟ್ಟಿಗೆ ಅದೇ, ಸಮುದ್ರವೂ ಅದೇ. ತಿಂಗಳು ಮಾತ್ರ ಬೇರೆ. ಕೆಂಪು ಸಮುದ್ರವನ್ನು ಅವನು ಸೆಕೆಗಾಲಕ್ಕೆ ಮುಂಚೆಯೇ ದಾಟಿ, 1861ರ ಏಪ್ರಿಲಿನಲ್ಲಿ ನಾನೂರಕ್ಕೂ ಹೆಚ್ಚು ಜೀವಂತ ಸಸಿಗಳನ್ನು ಊಟಿಗೆ ಮುಟ್ಟಿಸಿದ. ಅವುಗಳ ಜೊತೆಗೆ ಸ್ಪ್ರೂಸ್ ಕಳಿಸಿದ ಬೀಜಗಳಿಂದಲೂ ಮೆಕ್‌ಐವರ್ ಸಸಿ ಎಬ್ಬಿಸಿದ. ನೀಲಗಿರಿಯ ಇಳಿಜಾರುಗಳಲ್ಲಿ ಸಿಂಕೋನಾ ತೋಟಗಳು ಎದ್ದವು. 1892ರಿಂದ ಬಂಗಾಳದ ಅಂಚೆ ಕಚೇರಿಗಳಲ್ಲಿ ಭಾರತದಲ್ಲೇ ತಯಾರಾದ ಕ್ವಿನೈನ್ ಪೊಟ್ಟಣ ಒಂದು ಪೈಸೆಗೆ ಸಿಗತೊಡಗಿತು.